ಬಿಸಿಲಿಗೆ ಹಾಕಿದ ಸೀಡಿ

ಮೊಬೈಲ್ ರಿಪೇರಿ ಕಲಿಯುವ ಮಕ್ಕಳು ಬಂದು, "ಸುಲೋಚನಕ್ಕ, ನಿಮ್ ಕಾಲದಗೆ ಎಂತ ರಿಪೇರಿ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಕೇಳಿ ಉತ್ತರಕ್ಕೆ ಕಾಯುವುದಿಲ್ಲ, ಕೈಯಲ್ಲಿರುವ ಫೋನು ನೋಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವವರು ಓದಲಿ, ಉಳಿದವರು ಫೋನು ನೋಡಲಿ.

ಕುಂದಾಪುರದ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನನ್ನ ಅಕ್ಕನ ಗಂಡ ಶ್ರೀಧರ ಭಾವನ ಟೀವಿ ರಿಪೇರಿ ಅಂಗಡಿ ಇತ್ತು. ನಾನು ಬ್ರಹ್ಮಾವರದವಳು. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು ಭಾವನ ಅಂಗಡಿಗೆ ಸೇರಿಕೊಂಡೆ. ಮೆಟ್ಟಿಲು ಹತ್ತಿ ಬಂದವರು ಮೊದಲು ನನ್ನನ್ನು ನೋಡಿ, ಆಮೇಲೆ ಭಾವನನ್ನು ಹುಡುಕುತ್ತಿದ್ದರು. "ಹೆಂಗ್ಸ್ ಟೀವಿ ಬಿಚ್ಚೂದಾ?" ಎಂದು ಒಬ್ಬರು ಕೇಳಿದಾಗ ಭಾವ ತಲೆ ಎತ್ತದೆ ಹೇಳಿದ್ದರು, "ಹೆಂಗ್ಸೇ ಬಿಚ್ಚೂದ್. ಬೇಡ ಅಂದ್ರೆ ಉಡುಪಿಗ್ ತಕಂಡ್ ಹೋಯ್ನಿ." ನನ್ನ ಬಗ್ಗೆ ಭಾವ ಆಡಿದ ಒಳ್ಳೆಯ ಮಾತು ಅಷ್ಟೇ. ಬೈಗುಳದ ಲೆಕ್ಕ ಬೇರೆ. ಸಾಲ್ಡರ್ ಜಾಸ್ತಿ ಹಾಕಿದರೆ ಬೈಗುಳ, ಕಡಿಮೆ ಹಾಕಿದರೆ ಬೈಗುಳ, ಸರಿಯಾಗಿ ಹಾಕಿದರೆ ತಡವಾಯಿತೆಂದು ಬೈಗುಳ. ಕೆಲಸ ಕಲಿಯುವವರಿಗೆ ಇಂಥ ಒಬ್ಬರು ಬೇಕು. ಮೆತ್ತಗೆ ಮಾತಾಡುವ ಗುರುವಿನ ಕೈಯಲ್ಲಿ ಯಾರ ಕೈಯೂ ಪಳಗಿದ್ದನ್ನು ನಾನು ಕಂಡಿಲ್ಲ.

1997ರ ಸುಮಾರಿಗೆ ಗಲ್ಫಿನಿಂದ ರಜೆಗೆ ಬಂದವರೊಬ್ಬರು ಬೂದು ಬಣ್ಣದ ಒಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮು. ಅಲ್ಲಿಯವರೆಗೆ ನಾವು ಕಂಡದ್ದು ಕ್ಯಾಸೆಟ್ ತುರುಕುವ ಗೇಮು. ಇದಕ್ಕೆ ಸೀಡಿ. ಜತೆಗೆ ಬಂದ ಸೀಡಿ ಓಡುತ್ತಿತ್ತು. ಅವರ ತಮ್ಮ ಮುಂಬಯಿಯಿಂದ ತಂದ ಸೀಡಿ ಓಡುತ್ತಿರಲಿಲ್ಲ. ಭಾವ ಲೆನ್ಸ್ ಒರೆಸಿದರು, ಸೀಡಿ ಒರೆಸಿದರು, ಕೊನೆಗೆ ಮುಂಬಯಿಯನ್ನೇ ಬೈದರು. ನಾನು ಎರಡೂ ಸೀಡಿ ತಿರುಗಿಸಿ ನೋಡಿದೆ. ಓಡುವುದರ ಬೆನ್ನು ಕಾಡಿಗೆಯಷ್ಟು ಕಪ್ಪು, ಓಡದೇ ಇರುವುದರದ್ದು ತಿಳಿಹಸಿರು. ಒಂದು ಕಾರ್ಖಾನೆಯದ್ದು, ಇನ್ನೊಂದು ಕಂಪ್ಯೂಟರಿನಲ್ಲಿ ನಕಲು ಮಾಡಿದ್ದು.

ಬೀಗ ಇರುವುದು ಎಲ್ಲಿ ಎಂಬುದು ನಿಧಾನಕ್ಕೆ ತಿಳಿಯಿತು. ಸೀಡಿಯ ಒಳಗಿನ ಸುತ್ತಿನಲ್ಲಿ, ಓದು ಶುರುವಾಗುವ ಜಾಗದಲ್ಲಿ, ಕಾರ್ಖಾನೆಯವರು ಗೆರೆಯನ್ನು ಒಂಚೂರು ನಡುಗಿಸಿ ಒಂದು ಗುರುತು ಇಟ್ಟಿರುತ್ತಾರೆ. ನಕಲು ಮಾಡಿದಾಗ ಗೇಮು ಪೂರ್ತಿ ಬರುತ್ತದೆ, ಆ ನಡುಕ ಮಾತ್ರ ಬರುವುದಿಲ್ಲ. ಪೆಟ್ಟಿಗೆ ಮೊದಲು ಹುಡುಕುವುದು ಅದನ್ನೇ. ಸಿಗದಿದ್ದರೆ ಮುಂದೆ ಹೋಗುವುದಿಲ್ಲ. ಮದುವೆ ಮನೆಯ ಬಾಗಿಲಲ್ಲಿ ಕೂತ ದೊಡ್ಡಪ್ಪ "ನೀವ್ ಯಾರ್ ಕಡೆಯವ್ರ್?" ಎಂದು ಕೇಳುವ ಹಾಗೆ.

ಆ ದೊಡ್ಡಪ್ಪನನ್ನು ದಾಟಲು ಎರಡು ದಾರಿ ಇದ್ದವು. ಒಂದು, ಸೀಡಿ ಬದಲಿಸುವುದು. ಪೆಟ್ಟಿಗೆಯ ಮುಚ್ಚಳ ತೆರೆದೇ ಇಟ್ಟು, ಮುಚ್ಚಳ ಮುಚ್ಚಿದಾಗ ಒತ್ತಿಕೊಳ್ಳುವ ಸಣ್ಣ ಗುಂಡಿಗೆ ಬೆಂಕಿಕಡ್ಡಿ ತುರುಕಬೇಕು. ಪೆಟ್ಟಿಗೆ ಮುಚ್ಚಳ ಹಾಕಿದೆ ಎಂದುಕೊಳ್ಳುತ್ತದೆ. ಅಸಲಿ ಸೀಡಿ ಹಾಕಬೇಕು. ತಿರುಗುವ ಸದ್ದು ಏರಿ, ಗುರುತು ಸಿಕ್ಕಿದ ಮೇಲೆ ಇಳಿಯುತ್ತದೆ. ಆ ಇಳಿದ ಗಳಿಗೆಯಲ್ಲಿ ತಿರುಗುತ್ತಿರುವ ಅಸಲಿಯನ್ನು ಎತ್ತಿ ನಕಲಿಯನ್ನು ಕೂರಿಸಬೇಕು. ಬೇಗ ಎತ್ತಿದರೂ ಆಗದು, ತಡ ಮಾಡಿದರೂ ಆಗದು.

ಎರಡನೆಯದು ಚಿಪ್ಪು. ಎಂಟು ಕಾಲಿನ, ಹುಣಸೆಬೀಜಕ್ಕಿಂತ ಸಣ್ಣ ವಸ್ತು, ಮುಂಬಯಿಯಿಂದ ಬರುತ್ತಿತ್ತು. ಪೆಟ್ಟಿಗೆಯೊಳಗೆ ಕೂದಲಿನಂಥ ತಂತಿಗಳಿಂದ ಬೆಸೆದರೆ, ಪೆಟ್ಟಿಗೆ ಗುರುತು ಕೇಳಿದಾಗಲೆಲ್ಲ "ಇದೆ, ಇದೆ" ಎಂದು ಚಿಪ್ಪೇ ಉತ್ತರ ಕೊಡುತ್ತದೆ. ನಾನು ವಿವರಿಸಿದಾಗ ಭಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಸುಳ್ಳ್ ಹೇಳೂಕೆ ಒಂದ್ ಚಿಪ್ಪಾ? ನಮ್ ಅಂಗ್ಡಿಯಗೆ ನೀನಿದ್ದೆ ಅಲ್ದಾ, ಸಾಲ್ದಾ?"

ಗಿರಾಕಿಗಳಿಗೆ "ನಾಳೆ ಕೊಡ್ತೆ" ಎಂದು ನಾನು ಹೇಳುತ್ತಿದ್ದುದರ ಬಗ್ಗೆ ಆ ಮಾತು. ಅಷ್ಟು ಹೇಳಿದ ಭಾವನೇ ಮರುದಿನ ಚಿಪ್ಪು ತರಿಸಲು ಮುಂಬಯಿಗೆ ಫೋನು ಮಾಡಿದರು. ನಕಲು ಮಾಡುವುದು ತಪ್ಪೆಂದು ಆಗ ನಮ್ಮ ಪೇಟೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಈಗ ನಿಮಗೆ ಗೊತ್ತಿದೆ, ನೀವು ನನ್ನನ್ನು ನೋಡಿ ಕಲಿಯುವುದು ಬೇಡ.

ಈ ಕರಾವಳಿಯಲ್ಲಿ ಕೆಲಸ ಮಾಡುವವರು ಯಂತ್ರಕ್ಕಿಂತ ಮೊದಲು ಮನೆಗಳನ್ನು ಅರ್ಥ ಮಾಡಿಕೊಳ್ಳಬೇಕು. ಬ್ರಹ್ಮಾವರದ ಮೇಷ್ಟ್ರೊಬ್ಬರ ಪೆಟ್ಟಿಗೆ ಬೆಳಿಗ್ಗೆ ಓಡುತ್ತಿರಲಿಲ್ಲ, ಮಧ್ಯಾಹ್ನದ ಮೇಲೆ ಓಡುತ್ತಿತ್ತು. "ನಮ್ ಅಳಿಯನ್ ಹಾಂಗೆ, ಊಟ ಆಪುವರೆಗೂ ಏಳೂದಿಲ್ಲೆ" ಎಂದರು ಮೇಷ್ಟ್ರು. ಭಾವ ಕರೆಂಟಿನ ದೋಷವೆಂದರು. ಬಿಚ್ಚಿದರೆ ಘಮ್ಮೆಂದು ತೆಂಗಿನೆಣ್ಣೆಯ ವಾಸನೆ. ಲೆನ್ಸ್ ಸರಿಯುವ ಹಳಿಗೆ ಮನೆಯವರು ಎಣ್ಣೆ ಬಿಟ್ಟಿದ್ದರು, ಬಾಗಿಲು ಕಿರುಗುಟ್ಟಿದರೆ ಬಿಡುವುದಿಲ್ಲವೇ, ಹಾಗೆ. ಚಳಿಗಾಲದ ಬೆಳಿಗ್ಗೆ ಎಣ್ಣೆ ತುಪ್ಪದ ಹಾಗೆ ಕಟ್ಟಿ ಲೆನ್ಸ್ ಅಲ್ಲಾಡುತ್ತಿರಲಿಲ್ಲ, ಬಿಸಿಲೇರಿದಾಗ ಕರಗುತ್ತಿತ್ತು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಮೂಗು ಉಪಯೋಗಿಸಿ ಎಂದಷ್ಟೇ ನಾನು ಹೇಳುವುದು. ಮೂಗಿನ ವಿಷಯ ಮತ್ತೆ ಬರುತ್ತದೆ.

ಈಗ ಮಾಧವನ ಕಥೆ. ನಿಜ ಹೇಳುವುದಾದರೆ ಇದನ್ನು ಬರೆಯಲೆಂದೇ ಪೆನ್ನು ಹಿಡಿದದ್ದು.

ಕೋಡಿಯ ಗಿರಿಜಕ್ಕ ಮೀನು ಮಾರುವವರು. ತಲೆಯ ಮೇಲೆ ಬುಟ್ಟಿ ಹೊತ್ತು ಪೇಟೆಯ ಮನೆಗಳಿಗೆಲ್ಲ ಹೋಗುತ್ತಿದ್ದರು. ನಮ್ಮ ಅಕ್ಕನ ಮನೆಗೂ ಅವರದ್ದೇ ಮೀನು. ಅವರ ಮಗ ಮಾಧವ ಮುಂಬಯಿಯ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ಇಪ್ಪತ್ತೈದು ದಾಟುವ ಹೊತ್ತಿಗೆ ಕಣ್ಣಿನ ನರದ ಕಾಯಿಲೆ ಬಂತು. ದೊಡ್ಡ ಆಸ್ಪತ್ರೆಗಳಿಗೆಲ್ಲ ತೋರಿಸಿದರೂ ದೃಷ್ಟಿ ಉಳಿಯಲಿಲ್ಲ. ಊರಿಗೆ ಬರುವಾಗ ಒಂದು ಚೀಲ ಬಟ್ಟೆ, ಒಂದು ಸೆಕೆಂಡ್ ಹ್ಯಾಂಡ್ ಗೇಮ್ ಪೆಟ್ಟಿಗೆ ತಂದ. ಕೋಣೆಯ ಜತೆಗಾರರು ಎಲ್ಲರೂ ಸೇರಿ ಅವನಿಗೆ ಕೊಟ್ಟದ್ದಂತೆ.

ಒಂದು ದಿನ ಗಿರಿಜಕ್ಕ ಆ ಪೆಟ್ಟಿಗೆಯ ಸಮೇತ ಅವನ ಕೈ ಹಿಡಿದು ನಮ್ಮ ಮೆಟ್ಟಿಲು ಹತ್ತಿಸಿದರು. "ಹ್ವಾಯ್ ಸುಲೋಚನ, ಇದ್ ಎಂತದೋ ಗುರ್ ಅಂತಿತಂಬ್ರ್, ಕಾಣ್" ಎಂದರು. ನನಗೆ ಯಾವ ಗುರುಗುಟ್ಟುವಿಕೆಯೂ ಕೇಳಿಸಲಿಲ್ಲ. ಮಾಧವನಿಗೆ ಕೇಳಿಸುತ್ತಿತ್ತು. ಬಿಚ್ಚಿ ನೋಡಿದರೆ ಹಳಿ ಒಂದು ಕಡೆ ಸವೆದು ಲೆನ್ಸ್ ವಾಲಿತ್ತು. ಅದನ್ನು ಸರಿ ಮಾಡಿ, "ಒಂದು ಚಿಪ್ಪು ಹಾಕಿಬಿಡಲಾ? ಸೀಡಿ ಬದಲಿಸುವ ರಗಳೆ ಇರುವುದಿಲ್ಲ" ಎಂದೆ.

"ಬೇಡ ಅಕ್ಕ. ಬದಲ್ಸೂದ್ ನಾನೇ ಮಾಡ್ತೆ."

ಅಂಗಡಿಯ ಟೀವಿಗೆ ಸಿಕ್ಕಿಸಿ ಮಾಡಿ ತೋರಿಸಿದ. ಬೆಂಕಿಕಡ್ಡಿ ತುರುಕಿ, ಪೆಟ್ಟಿಗೆಯ ಜತೆ ಬಂದ ಅಸಲಿ ಫುಟ್‌ಬಾಲ್ ಸೀಡಿ ಹಾಕಿ, ತಲೆ ವಾಲಿಸಿ ಕೂತ. ಸದ್ದು ಇಳಿಯುವುದೂ ಅವನ ಕೈ ಏಳುವುದೂ ಒಟ್ಟಿಗೇ ಆಯಿತು. ಅಸಲಿ ಹೊರಗೆ, ನಕಲಿ ಒಳಗೆ. ನಾನು ಅದೇ ಕೆಲಸದಲ್ಲಿ ಬೆರಳು ತರಚಿಕೊಂಡು ಎಷ್ಟು ಸೀಡಿ ಹಾಳು ಮಾಡಿದ್ದೆನೋ. ಭಾವ ಏನೂ ಬೈಯದೆ ನೋಡುತ್ತಾ ನಿಂತಿದ್ದರು, ಅದೇ ದೊಡ್ಡ ವಿಷಯ.

ಆ ನಕಲಿ ಸೀಡಿಯಲ್ಲಿ ಇದ್ದದ್ದು ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಗೇಮು. ನಮ್ಮ ಕಡೆ ಎಲ್ಲರೂ ಅದಕ್ಕೆ ಕುಸ್ತಿ ಎನ್ನುತ್ತಿದ್ದರು. ಜಟ್ಟಿಯನ್ನು ಆರಿಸಿಕೊಂಡ ಕೂಡಲೇ ಗಂಭೀರ ದನಿಯೊಂದು ಅವನ ಹೆಸರು ಕೂಗುತ್ತದೆ. ಒಂದೊಂದು ಅಂಕಣಕ್ಕೆ ಒಂದೊಂದು ಸಂಗೀತ. ಒಬ್ಬೊಬ್ಬ ಜಟ್ಟಿಯ ಉಸಿರು, ಕೂಗು ಬೇರೆ ಬೇರೆ. ಎಡಗಡೆ ನಿಂತವನ ದನಿ ಎಡಕ್ಕೆ, ಬಲಗಡೆಯವನದ್ದು ಬಲಕ್ಕೆ. ಮಾಧವ ಅದನ್ನೆಲ್ಲ ಕಿವಿಯಿಂದ ಆಡುತ್ತಿದ್ದ. ಕೆಳಗಿನ ಬಟ್ಟೆ ಅಂಗಡಿಯ ಸೇಲ್ಸಿನವರು, ರಿಕ್ಷಾದವರು, ಕಾಲೇಜಿನವರು, ಯಾರು ಬಂದರೂ ಸೋಲಿಸಿ ಕಳಿಸುತ್ತಿದ್ದ. ಸೋತವರನ್ನು, "ಕಣ್ಣ್ ಬಿಟ್ಕಂಡ್ ಆಡ್ರಿಯಾ?" ಎಂದು ಕೇಳಿ ನಗುತ್ತಿದ್ದ. ವಾರದಲ್ಲಿ ಒಂದೆರಡು ಸಲ ಗಿರಿಜಕ್ಕ ಅವನನ್ನು ನಮ್ಮಲ್ಲಿ ಬಿಟ್ಟು, ಮೀನು ಮಾರಿ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಾಧವ "ಅಬ್ಬಿ" ಎಂದು ಅಮ್ಮನನ್ನು ಕರೆದರೂ ಒಳಗೆ ಬರುತ್ತಿರಲಿಲ್ಲ. ಮೀನಿನ ವಾಸನೆ ಎನ್ನುತ್ತಿದ್ದರು, ನಿಜಕ್ಕೂ ಅವನ ನಗು ಕೇಳುತ್ತಾ ಒಬ್ಬರೇ ಕೂರುವುದು ಅವರಿಗೆ ಬೇಕಿತ್ತು.

ಒಂದು ವರ್ಷ ಮಳೆ ನಿಂತ ಮೇಲೆ ಗಿರಿಜಕ್ಕ ಬೆಳಿಗ್ಗೆಯೇ ಒಬ್ಬರೇ ಬಂದರು. ಬುಟ್ಟಿ ಕೆಳಗಿಳಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರೆಂದುಕೊಂಡೆ, ಅಳುತ್ತಿದ್ದರು.

ಮಳೆಗಾಲ ಮುಗಿದರೆ ನಮ್ಮ ಕಡೆ ಮನೆಯ ಸಾಮಾನೆಲ್ಲ ಬಿಸಿಲು ಕಾಣಬೇಕು. ಚಾಪೆ, ಹಾಸಿಗೆ, ಸಂಡಿಗೆ, ದೇವರ ಪಟ ಕೂಡ. ಗಿರಿಜಕ್ಕ ಒಣಮೀನು ಹರಡುವಾಗ ಮಗನ ಸೀಡಿಗಳ ಮೇಲೆ ಬೂಸ್ಟು ಕಂಡು, ಒಳ್ಳೆಯದಾಗಲೆಂದು ಅವನ್ನೂ ಅದೇ ಚಾಪೆಯ ಮೇಲೆ ಬೆನ್ನು ಮೇಲಾಗಿ ಹರಡಿದ್ದರು. ಬಿಸಿಲು ಇದ್ದಷ್ಟು ದಿನವೂ ಹೊರಗೆ ಹಾಕಿ, ಆಮೇಲೆ ಸಾಬೂನಿನಲ್ಲಿ ತೊಳೆದು ಒರೆಸಿ ಇಟ್ಟಿದ್ದರು. ಅಂದಿನಿಂದ ಕುಸ್ತಿ ಓಡುತ್ತಿರಲಿಲ್ಲ. ಅಸಲಿ ಸೀಡಿಗೆ ಬಿಸಿಲೇನೂ ಮಾಡುವುದಿಲ್ಲ. ನಕಲಿಯಲ್ಲಿ ಗೇಮು ಇರುವುದೇ ಆ ತಿಳಿಹಸಿರು ಬಣ್ಣದಲ್ಲಿ. ಬಣ್ಣ ಹೋದರೆ ಎಲ್ಲ ಹೋಯಿತು.

"ಮಾಣಿ ಪೆಟ್ಗಿ ಹಾಳಾಯ್ತ್ ಅಂದ್ಕಂಡಿದ. ಹಾಂಗೇ ಅಂದ್ಕಂಡಿರ್ಲಿ. ನಾನೇ ಬಿಸ್ಲಿಗ್ ಹಾಕಿದ್ದ್ ಅಂದ್ ಹೇಳ್ಬೇಡ ಆಯ್ತಾ" ಎಂದರು. ಬುಟ್ಟಿಗೆ ಕೈ ಹಾಕಿ, "ಅವ ನಗಾಡೂದ್ ಅದೊಂದ್ ಹಾಕ್ದಾಗ ಮಾತ್ರ ಮಾರಾಯ್ತಿ. ಮನೆಯಗೆ ಗ್ವಾಡಿ ಬದಿಗ್ ತಿರ್ಗಿ ಕೂಕಂತ" ಎಂದರು.

ಹೇಳುವುದಿಲ್ಲವೆಂದು ಒಪ್ಪಿಕೊಂಡೆ. ಸುಲಭದ ಕೆಲಸವೆಂದೇ ತಿಳಿದೆ. ಕುಸ್ತಿ ಸೀಡಿ ನಮ್ಮ ಅಂಗಡಿಯಲ್ಲೇ ಬೇಕಾದಷ್ಟು ಇದ್ದವು. ಮರುದಿನ ಮಾಧವ ಪೆಟ್ಟಿಗೆ, ಸೀಡಿ ತಂದಾಗ, "ಲೆನ್ಸ್ ಮಂಕಾಗಿದೆ, ಒರೆಸಿ ನೋಡುತ್ತೇನೆ" ಎಂದು ಒಳಗೆ ಹೋಗಿ, ಅವನ ಸೀಡಿ ತೆಗೆದಿರಿಸಿ ನಮ್ಮದನ್ನು ಅವನ ಕವರಿಗೆ ಹಾಕಿ ಕೊಟ್ಟೆ. ಅವನು ಬದಲಿಸಿದ, ಗೇಮು ಬಂತು. ಗುಂಡಿ ಒತ್ತಿದ, ಕೂತ. ಹೆಸರು ಕೂಗುವ ದನಿ ಬರಲಿಲ್ಲ. ಸಂಗೀತವಿಲ್ಲ, ಉಸಿರಿಲ್ಲ. ಬರೀ ಧಬ್ ಧಬ್ ಎಂಬ ಏಟು.

ಎಷ್ಟೋ ಗೇಮುಗಳನ್ನು ಒಂದೇ ಸೀಡಿಗೆ ತುರುಕಲು ಮುಂಬಯಿಯವರು ಹಾಡು, ಮಾತು ಎಲ್ಲ ಕತ್ತರಿಸಿ ಮಾರುತ್ತಿದ್ದರು. ನಮ್ಮ ಸೀಡಿಗಳೆಲ್ಲ ಅವುಗಳ ಮರಿಗಳು. ಕಣ್ಣಿದ್ದವರು ಯಾರೂ ಅದುವರೆಗೆ ದೂರಿರಲಿಲ್ಲ. ಮಾಧವನ ಹಳೆಯದು ಅವನ ಕೋಣೆಯ ಜತೆಗಾರ ಅಸಲಿಯಿಂದಲೇ ಮಾಡಿಕೊಟ್ಟದ್ದು. ಆ ಜತೆಗಾರ ಈಗ ಎಲ್ಲಿದ್ದಾನೋ ಇವನಿಗೆ ತಿಳಿದಿರಲಿಲ್ಲ.

ಮಾಧವ ಸ್ವಲ್ಪ ಹೊತ್ತು ಆಡಿದ. ಕಾಲೇಜಿನ ಒಬ್ಬ ಅವನನ್ನು ಸೋಲಿಸಿದ. ಮಾಧವ ಕೈಯಲ್ಲಿದ್ದುದನ್ನು ಕೆಳಗಿಟ್ಟು, "ಇದ್ರಗೆ ಜನವೇ ಇಲ್ಲೆ ಅಕ್ಕ" ಎಂದ.

"ಲೆನ್ಸ್ ಮಂಕು. ದನಿ ಪೂರ್ತಿ ಓದುತ್ತಿಲ್ಲ. ಇನ್ನೊಂದು ಲೆನ್ಸ್ ಬರಬೇಕು" ಎಂದೆ. ರಿಪೇರಿಯವರ ಬಾಯಲ್ಲಿ ಇಂಥ ಮಾತು ತಯಾರಾಗಿಯೇ ಇರುತ್ತದೆ.

"ಹೌದಾ. ಹಂಗಾರೆ ಇಲ್ಲೇ ಇರ್ಲಿ" ಎಂದು ಪೆಟ್ಟಿಗೆ ಬಿಟ್ಟು ಹೋದ. ಆಮೇಲೆ ಅಂಗಡಿಗೆ ಬರುವುದನ್ನೇ ನಿಲ್ಲಿಸಿದ. ಗಿರಿಜಕ್ಕ ಮಾತ್ರ ಬಂದು ಮೆಟ್ಟಿಲ ಕೆಳಗಿನಿಂದಲೇ ನನ್ನ ಮುಖ ನೋಡಿ ಹೋಗುತ್ತಿದ್ದರು.

ಅಸಲಿ ಕುಸ್ತಿ ಸೀಡಿಗಾಗಿ ಸಿಕ್ಕಿದವರನ್ನೆಲ್ಲ ಕೇಳಿದೆ. ಕೊನೆಗೆ ಬೈಂದೂರಿನಲ್ಲಿ ಒಂದು ಇದೆಯೆಂದು ತಿಳಿಯಿತು. ನಾಗೇಶ ಶೆಟ್ಟರದ್ದು, ಮುಂಬಯಿಯಲ್ಲಿ ಹೋಟೆಲ್ ಇದ್ದವರು, ರಜೆಯಲ್ಲಿ ಊರಿಗೆ ಬಂದಿದ್ದರು. ಫೋನು ಮಾಡಿದೆ. "ಖಾಲಿಪೀಲಿ ಹೊರಗ್ ಕೊಟ್ರೆ ವಾಪಸ್ ಬಪ್ದಿಲ್ಲೆ. ಮನೆಗ್ ಬಂದ್ ಎಂತ ಬೇಕಾರೂ ಮಾಡ್ಕಣಿ" ಎಂದರು. ಮನೆಗೆ ಹೋಗಿ ಮಾಡುವುದೆಂದರೆ ಕಂಪ್ಯೂಟರೇ ಅಲ್ಲಿಗೆ ಹೋಗಬೇಕು. ಸೀಡಿ ಬರೆಯುವ ಕಂಪ್ಯೂಟರ್ ನಮ್ಮಲ್ಲಿ ಇದ್ದದ್ದು ಒಂದೇ, ಭಾವ ಅದಕ್ಕೆ ದಿನಾ ಊದುಬತ್ತಿ ಹಚ್ಚುತ್ತಿದ್ದರು. ನಾನು ಹೆದರಿಕೊಂಡೇ ಕೇಳಿದೆ.

"ಮಂಡೆ ಸಮ ಇತ್ತಾ ನಿಂಗೆ? ಬಸ್ಸಗೆ ಕಂಪ್ಯೂಟರಾ?" ಎಂದರು. ಇಡೀ ಬೆಳಿಗ್ಗೆ ಗೊಣಗಿದರು. ಮಧ್ಯಾಹ್ನ ನೋಡಿದರೆ ಕಂಪ್ಯೂಟರಿನ ಡಬ್ಬವನ್ನು ಅಕ್ಕನ ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟುತ್ತಿದ್ದರು. "ನೀನ್ ಹೊತ್ರೆ ಬೀಳಿಸ್ತೆ. ನಾನೇ ಬತ್ತೆ."

ಖಾಸಗಿ ಬಸ್ಸಿನಲ್ಲಿ ಭಾವ ಕಂಪ್ಯೂಟರನ್ನು ತೊಡೆಯ ಮೇಲೆ ಕೂರಿಸಿಕೊಂಡರು, ನಾನು ಮಾನಿಟರನ್ನು. ಕಂಡಕ್ಟರ್ "ಅದೆಂತ ಮಾರಾಯ್ರೆ?" ಎಂದು ಕೇಳಿದಾಗ ಭಾವ, "ಬಾಣಂತಿ. ಬಸ್ ಮೆಲ್ಲ ಬಿಡೂಕ್ ಹೇಳ್" ಎಂದರು. ಹೊಂಡ ಬಂದಾಗಲೆಲ್ಲ ಅದನ್ನು ತಬ್ಬಿ ಹಿಡಿಯುತ್ತಿದ್ದರು. ಅಷ್ಟು ವರ್ಷ ಬೈದ ಮನುಷ್ಯನ ಮೇಲೆ ನನಗೆ ಆ ದಿನ ತುಂಬಾ ಪ್ರೀತಿ ಬಂತು.

ಶೆಟ್ಟರ ಮನೆಯಲ್ಲಿ ಕಾಫಿ, ಕೊಟ್ಟೆ ಕಡುಬು ಆಯಿತು. ಸೀಡಿ ಬರೆಯಲು ಹಚ್ಚಿದೆವು. ಅರ್ಧಕ್ಕೆ ಕರೆಂಟು ಹೋಯಿತು, ಸೀಡಿ ಹಾಳಾಯಿತು. ಕರೆಂಟು ಬಂದ ಮೇಲೆ ಮತ್ತೆ ಹಚ್ಚಿದೆವು. ಯಾರಿಗೆ ಇದೆಲ್ಲ ಎಂದು ಶೆಟ್ಟರು ಕೇಳಿದರು. ಹೇಳಿದೆ. ಯಾವ ಹೋಟೆಲಿನಲ್ಲಿದ್ದವನೆಂದು ವಿಚಾರಿಸಿದರು. "ನಾನೂ ಟೇಬಲ್ ಒರ್ಸಿಯೇ ಶುರು ಮಾಡಿದ್ದ್" ಎಂದು ಹೇಳಿ, ಕರೆಂಟು ಇನ್ನೊಮ್ಮೆ ಹೋಗಬಾರದೆಂದು ದೇವರ ಕೋಣೆಗೆ ಹೋಗಿ ದೀಪ ಹಚ್ಚಿ ಬಂದರು. ಕರೆಂಟು ಹೋಗಲಿಲ್ಲ.

ಮುಂದೇನಾಯಿತೆಂದು ಹೇಳುವ ಮೊದಲು ಕಸುಬಿನ ಉಳಿದ ಮಾತು ಮುಗಿಸಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಬೂದು ಪೆಟ್ಟಿಗೆ ಹೋಗಿ ಕಪ್ಪು ಪೆಟ್ಟಿಗೆ ಬಂತು, ಸೀಡಿ ಹೋಗಿ ಡಿವಿಡಿ ಬಂತು. ಚಿಪ್ಪಿನ ತಂತಿಗಳು ಎಷ್ಟು ಹೆಚ್ಚಿದವೆಂದರೆ ಭೂತಗನ್ನಡಿ ಇಲ್ಲದೆ ಬೆಸೆಯಲಾಗುತ್ತಿರಲಿಲ್ಲ. ಗೇಮುಗಳೂ ಜಾಣವಾದವು, ಚಿಪ್ಪು ಇದೆಯೇ ಎಂದು ತಾವೇ ಹುಡುಕಿ ನಿಂತುಬಿಡುತ್ತಿದ್ದವು. ಅವುಗಳ ಕಣ್ಣಿಗೆ ಬೀಳದೆ ಅಡಗಿಕೊಳ್ಳುವ ಚಿಪ್ಪುಗಳು ಬಂದವು. ಮುಂದೆ ಚಿಪ್ಪೇ ಬೇಡವಾಯಿತು, ಪೆನ್‌ಡ್ರೈವಿನಿಂದಲೇ ಎಲ್ಲ ಆಗತೊಡಗಿತು. ಕೊನೆಗೆ ಎಲ್ಲರ ಕೈಗೂ ಫೋನು ಬಂತು, ನಾನು ಸಾಲ್ಡರಿಂಗ್ ಐರನ್ ಕೆಳಗಿಟ್ಟೆ. ಭಾವ ಅಷ್ಟರಲ್ಲಿ ತೀರಿಕೊಂಡಿದ್ದರು. ಈಗಲೂ ಎಲ್ಲಾದರೂ ಸಾಲ್ಡರ್ ಹೊಗೆಯ ವಾಸನೆ ಬಂದರೆ ಯಾರೋ ಬೈಯುತ್ತಾರೆಂದು ಕಾಯುತ್ತೇನೆ.

ಬೈಂದೂರಿನಿಂದ ಬಂದ ಮರುದಿನ ಗಿರಿಜಕ್ಕ ಒತ್ತಾಯ ಮಾಡಿ ಮಾಧವನನ್ನು ಕರೆತಂದರು. ಅವನನ್ನು ಒಳಗೆ ಕಳಿಸಿ ತಾವು ಎಂದಿನಂತೆ ಮೆಟ್ಟಿಲ ಮೇಲೆ ಕೂತರು. ಭಾವ ಕೆಲಸವಿಲ್ಲದಿದ್ದರೂ ಒಂದು ಟೀವಿ ಬಿಚ್ಚಿಕೊಂಡು ಹತ್ತಿರದಲ್ಲೇ ಇದ್ದರು. ಕೆಳಗಿನ ಬಟ್ಟೆ ಅಂಗಡಿಯ ಸೇಲ್ಸಿನವರೂ ಬಂದು ನಿಂತರು.

"ಹೊಸ ಲೆನ್ಸ್ ಹಾಕಿದ್ದೇನೆ. ನಿನ್ನ ಸೀಡಿಯೇ, ನೋಡು" ಎಂದೆ.

ಮಾಧವ ಬೆಂಕಿಕಡ್ಡಿ ತುರುಕಿದ. ಅಸಲಿ ಹಾಕಿದ. ತಲೆ ವಾಲಿಸಿದ. ಸದ್ದು ಏರಿತು, ಇಳಿಯಿತು, ಕೈ ಎದ್ದಿತು. ಸೀಡಿ ಕೂತಿತು. ಒಂದಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಸಂಗೀತ ಬಂತು. ಗುಂಡಿ ಒತ್ತಿದ. ಆ ಗಂಭೀರ ದನಿ ಜಟ್ಟಿಯ ಹೆಸರು ಕೂಗಿತು. ಮಾಧವ ಕೆಳತುಟಿ ಕಚ್ಚಿ ಹಿಡಿದ. ಭಾವ ಮುಖ ಟೀವಿಯ ಬೆನ್ನಿಗೆ ತುರುಕಿ ಸುಮ್ಮನೆ ಸ್ಕ್ರೂ ತಿರುಗಿಸುತ್ತಿದ್ದರು.

ಸೇಲ್ಸಿನವರು ಒಬ್ಬೊಬ್ಬರಾಗಿ ಸೋತರು. ಅವರೆಲ್ಲ ನಗಾಡುತ್ತಾ ಕೆಳಗೆ ಹೋದ ಮೇಲೆ ಮಾಧವ ಸೀಡಿಯನ್ನು ಹೊರಗೆ ತೆಗೆದ. ಮೂಗಿನ ಹತ್ತಿರ ಹಿಡಿದು, ತಣ್ಣಗೆ ಹೇಳಿದ.

"ಇದ್ ನನ್ ಸೀಡಿ ಅಲ್ಲ ಅಕ್ಕ."

ನಾನು ಲೆನ್ಸಿನ ವಿಷಯ ಏನೋ ಶುರು ಮಾಡಿದೆ.

"ನನ್ ಸೀಡಿಗೆ ಒಣಮೀನಿನ್ ವಾಸ್ನೆ ಇತ್ತ್. ಅಬ್ಬಿ ಸಾಬೂನ್ ಹಾಕಿ ತೊಳ್ದ್ರೂ ಹೋಯ್ಲಿಲ್ಲ. ಅದ್ ಓಡ್ದೇ ಇದ್ದ ದಿನವೇ ನಂಗ್ ಗೊತ್ತಾಯ್ತ್, ಬಿಸ್ಲಿಗ್ ಹಾಕಿದ್ಳ್ ಅಂದ್."

"ಮತ್ತೆ ಪೆಟ್ಟಿಗೆ ಹಾಳಾಯಿತೆಂದು ಯಾಕೆ ಹೇಳಿದೆ?"

"ಎಂತ ಹೇಳೂದ್? ನನ್ ಬಟ್ಟೆ, ಚಾಪೆ ಎಲ್ಲ ಬಿಸ್ಲಿಗ್ ಹಾಕಿ ಹದ ಮಾಡ್ವಾಗ ಇದನ್ನೂ ಹಾಕಿದ್ಳ್. ಗೊತ್ತಾರೆ ಊಟ ಬಿಡ್ತ್ಳ್." ಅವನು ನನ್ನ ಕಡೆಗೆ ಕೈ ಚಾಚಿದ, ನಾನು ಹಿಡಿದುಕೊಂಡೆ. "ನಂಗ್ ಗೊತ್ತಿತ್ತ್ ಅಂಬ್ದ್ ಅವ್ಳಿಗ್ ಹೇಳ್ಬೇಡಿ ಆಯ್ತಾ."

ನನ್ನ ಚಿಪ್ಪುಗಳ ಮಾತನ್ನು ಅದೆಷ್ಟೋ ಪೆಟ್ಟಿಗೆಗಳು ನಂಬಿದ್ದವು. ಇವನೊಬ್ಬ ನನ್ನ ಮಾತನ್ನು ಒಂದು ದಿನವೂ ನಂಬಿರಲಿಲ್ಲ. ನನಗೆ ಅಳು ಬಂತು, ಅಕ್ಕ ಎನಿಸಿಕೊಂಡವಳು ಅಳಬಾರದೆಂದು ಎಲ್ಲೂ ಇಲ್ಲ, ಅತ್ತುಬಿಟ್ಟೆ.

ಹೊರಗೆ ಮೆಟ್ಟಿಲಿನಲ್ಲಿ ಬುಟ್ಟಿ ಎತ್ತಿದ ಸದ್ದಾಯಿತು. ಗಿರಿಜಕ್ಕ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ, ಹೆದರಿದ ದನಿಯಲ್ಲಿ ಕೇಳಿದರು.

"ಸಮ ಆಯ್ತಾ ಮಗ? ಎಂತ ಆಗಿತ್ತಂಬ್ರ್?"

ಮಾಧವ ಸೀಡಿಯನ್ನು ಕವರಿಗೆ ಹಾಕಿ, ಗೋಡೆ ಹಿಡಿದು ಎದ್ದು ನಿಂತ.

"ಎಂತ ಇಲ್ಲೆ ಅಬ್ಬಿ. ಲೆನ್ಸ್ ಮಂಕಾಗಿತ್ತಂಬ್ರ್. ಪೆಟ್ಗಿದ್ದೇ ತೊಂದ್ರೆ."